ಸಮುದ್ರ ಕಾಣದ ಬಂದರಿನಲ್ಲಿ ಹನ್ನೊಂದು ಜನ: ಓಸ್ಟಿಯಾದ ಒಂದು ಪ್ರಕರಣ

ನಾನು ರೋಮ್ ನಗರದಲ್ಲಿ ಕನ್ನಡದವರ ಸಣ್ಣ ಗುಂಪುಗಳಿಗೆ ಊರು ತೋರಿಸುವ ಕೆಲಸ ಮಾಡುತ್ತೇನೆ. ಕೊಲೋಸಿಯಮ್ ತೋರಿಸಲು ಯಾರಾದರೂ ಆದೀತು. ಅದು ತಾನೇ ಎದ್ದು ನಿಂತು ಮಾತಾಡುತ್ತದೆ. ರೋಮಿನ ಹಳೇ ಬಂದರು ಊರು ಓಸ್ಟಿಯಾ ಹಾಗಲ್ಲ. ಅಲ್ಲಿ ಒಂದು ಇಡೀ ಊರಿದೆ, ಆದರೆ ಹೆಚ್ಚು ಕಡೆ ಮುರಿದ ಗೋಡೆಗಳಷ್ಟೇ ಉಳಿದಿವೆ. ಅಂಥ ಜಾಗದಲ್ಲಿ ಒಂದು ಗುಂಪಿನ ಮುಂದೆ ನಾನು ಹೇಗೆ ಸೋತೆ, ನಾಲ್ಕು ದಿನ ಬಿಟ್ಟು ಅದೇ ಜಾಗಕ್ಕೆ ಮತ್ತೆ ಹೋದಾಗ ಏನು ಬದಲಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಗೈಡ್ ಕೆಲಸಕ್ಕೆ ಬರುವ ಹೊಸಬರಿಗೆ, ಊರಲ್ಲಿ ಮಕ್ಕಳನ್ನು ಹಳೇ ಜಾಗಗಳಿಗೆ ಕರೆದೊಯ್ಯುವ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರಬಹುದು. ಗುಂಪಿನವರ ಹೆಸರು, ಊರು ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಓಸ್ಟಿಯಾ ಅಂದರೆ ಬಾಯಿ. ಟೈಬರ್ ನದಿ ಕಡಲು ಸೇರುವ ಬಾಯಿ. ಲ್ಯಾಟಿನ್ನಿನ ಆ ಪದದಿಂದಲೇ ಊರಿಗೆ ಹೆಸರು ಬಂತು. ರೋಮಿನ ನಾಲ್ಕನೇ ರಾಜ ಆಂಕುಸ್ ಮಾರ್ಸಿಯುಸ್ ಕಟ್ಟಿಸಿದ ಅಂತ ಹಳೇ ಕಥೆ. ಅಗೆದಾಗ ಸಿಕ್ಕಿದ ಅತಿ ಹಳೇ ಕೋಟೆ ಮಾತ್ರ ಕ್ರಿಸ್ತಪೂರ್ವ 4ನೇ ಶತಮಾನದ ಸುಮಾರಿನದು. ಕ್ರಿಸ್ತಶಕ 2ನೇ ಶತಮಾನದಲ್ಲಿ ಊರು ಉಬ್ಬಿ ಬೆಳೆಯಿತು. ಇವತ್ತು ನೋಡಲು ಸಿಗುವ ಇಟ್ಟಿಗೆ ಕಟ್ಟಡಗಳಲ್ಲಿ ಹೆಚ್ಚಿನವು ಆ ಕಾಲದವು.

ಗುಂಪಿನಲ್ಲಿ ಹನ್ನೊಂದು ಜನ. ಮಧ್ಯ ಕರ್ನಾಟಕದ ಒಂದು ಊರಿನವರು, ಒಬ್ಬರಿಗೊಬ್ಬರು ನೆಂಟರು ಇಲ್ಲವೇ ಸ್ನೇಹಿತರು. ಒಬ್ಬರು ಕಾಳು ಮಂಡಿಯ ಮಾಲೀಕರು. ಅವರನ್ನು ಎಲ್ಲರೂ ಯಜಮಾನ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಅವರ ಹೆಂಡತಿಗೆ ಮೊಣಕಾಲು ನೋವು. ಇನ್ನೊಬ್ಬರು ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತಿಯಾದ ಟೀಚರಮ್ಮ. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು ಒಬ್ಬರು. ಉಳಿದವರು ಮನೆಮಂದಿ, ಜೊತೆಗೆ ಕಾಲೇಜು ಓದುವ ಇಬ್ಬರು ಹುಡುಗರು.

ಟೂರ್ ಕಂಪನಿಯವರು ಓಸ್ಟಿಯಾವನ್ನು ಮೊದಲ ದಿನಕ್ಕೇ ಇಟ್ಟಿದ್ದರು. ಕಾರಣ ಸುಮ್ನೆ ಅನುಕೂಲ. ಫಿಯುಮಿಚಿನೋ ವಿಮಾನ ನಿಲ್ದಾಣದಿಂದ ಅದು ಹತ್ತಿರ, ಹೋಟೆಲಿನ ರೂಮು ಮಧ್ಯಾಹ್ನಕ್ಕೆ ಮುಂಚೆ ಸಿಗಲ್ಲ, ನಡುವೆ ನಾಲ್ಕು ಗಂಟೆ ಕಳೆಯಬೇಕು. ನಾನೂ ಒಪ್ಪಿಕೊಂಡೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರನ್ನು ಜೂನ್ ತಿಂಗಳ ಬಿಸಿಲಿನಲ್ಲಿ ಕಲ್ಲುಹಾಸಿನ ರಸ್ತೆಗೆ ಇಳಿಸುವುದು ತಪ್ಪು ಅಂತ ಆಗ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೊದಲ ದಿನ

ಊರಿನ ನಡುವೆ ಹಾದುಹೋಗುವ ದೊಡ್ಡ ಬೀದಿಗೆ ಡೆಕುಮಾನುಸ್ ಮ್ಯಾಕ್ಸಿಮುಸ್ ಅಂತ ಹೆಸರು. ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದ. ಕಪ್ಪು ಲಾವಾ ಕಲ್ಲಿನ ಹಾಸು, ನಡುನಡುವೆ ಸಂದು. ಚಪ್ಪಲಿ ಹಾಕಿದವರು ಹತ್ತು ಹೆಜ್ಜೆಗೊಮ್ಮೆ ಮುಗ್ಗರಿಸುತ್ತಾರೆ. ನಾನು ಎಂದಿನಂತೆ ರೋಮಾ ಬಾಗಿಲಿನಿಂದ ಶುರು ಮಾಡಿದೆ. ಸಮುದ್ರದೇವರು ನೆಪ್ಚೂನನ ಹೆಸರಿನ ಸ್ನಾನಗೃಹದಲ್ಲಿ ಮೊಸಾಯಿಕ್, ಅಂದರೆ ಸಣ್ಣ ಕಲ್ಲು ಜೋಡಿಸಿ ಮಾಡಿದ ನೆಲದ ಚಿತ್ರ ತೋರಿಸಿದೆ, ಯಾವ ಚಕ್ರವರ್ತಿಯ ಕಾಲ ಅಂತ ಹೇಳಿದೆ. ನಾಟಕಶಾಲೆ ತೋರಿಸಿದೆ, ಅಗಸ್ಟಸ್ ಚಕ್ರವರ್ತಿಯ ಅಳಿಯ ಅಗ್ರಿಪ್ಪ ಕಟ್ಟಿಸಿದ್ದು, ಆಮೇಲೆ ದೊಡ್ಡದು ಮಾಡಿದ್ದು ಅಂತ ಹೇಳಿದೆ. ಇಸವಿ, ಹೆಸರು, ಇಸವಿ, ಹೆಸರು.

ಅರ್ಧ ಗಂಟೆಯಲ್ಲಿ ಗುಂಪು ಮೂರು ತುಂಡಾಯಿತು. ಹುಡುಗರು ನಾಟಕಶಾಲೆಯ ಮೆಟ್ಟಿಲ ಮೇಲೆ ಸೆಲ್ಫಿಗೆ ನಿಂತರು. ಹೆಂಗಸರು ಪೈನ್ ಮರದ ನೆರಳು ಹಿಡಿದು ಕೂತರು. ನನ್ನ ಜೊತೆ ಉಳಿದವರು ಟೀಚರಮ್ಮ ಒಬ್ಬರೇ, ಅದೂ ಮರ್ಯಾದೆಗೆ.

ಆಗ ಇಂಜಿನಿಯರು ಕೇಳಿದರು: "ಅಲ್ರೀ, ಪೋರ್ಟ್ ಅಂದ್ರಿ. ಸಮುದ್ರ ಎಲ್ಲಿ?"

ಒಳ್ಳೆಯ ಪ್ರಶ್ನೆ. ಆ ದಿನದ ಒಂದೇ ಒಳ್ಳೆಯ ಪ್ರಶ್ನೆ ಅಂದರೂ ಆದೀತು. ನದಿ ಎರಡು ಸಾವಿರ ವರ್ಷ ಮಣ್ಣು ತಂದು ಸುರಿದಿದೆ, ದಡ ಮುಂದೆ ಸರಿದಿದೆ, ಕಡಲು ಈಗ ಸುಮಾರು ಮೂರು ಕಿಲೋಮೀಟರ್ ಆಚೆ ಇದೆ ಅಂತ ನಾನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವರು "ಓಹೋ" ಅಂದು ನೀರಿನ ಬಾಟಲಿ ತೆಗೆದರು. ನಮ್ಮ ಹಂಪಿಯೇ ವಾಸಿ, ಕಂಬ ಗೋಪುರ ಏನಾದರೂ ಇದೆ ಅಂತ ಹಿಂದೆ ಯಾರೋ ಅಂದದ್ದೂ ಕೇಳಿಸಿತು. ಬೇಜಾರಾಯಿತು. ಆದರೆ ಆ ಮಾತು ಸುಳ್ಳಲ್ಲ ಅಲ್ವಾ?

ಇಲ್ಲಿ ನಾನು ಒಂದು ನಿರ್ಧಾರ ತೆಗೆದುಕೊಳ್ಳಬೇಕಿತ್ತು. ಕಂಪನಿಯ ಪಟ್ಟಿಯಲ್ಲಿ ಇನ್ನೂ ಆರು ಜಾಗ ಬಾಕಿ. ಎಲ್ಲ ಮುಗಿಸಿದರೆ ದುಡ್ಡು ಕೊಟ್ಟವರಿಗೆ ಮೋಸ ಆಗಲ್ಲ, ಆದರೆ ಯಾರಾದರೂ ತಲೆಸುತ್ತಿ ಬಿದ್ದಾರು. ನಾನು ಪಟ್ಟಿ ಕೈಬಿಟ್ಟೆ. "ಇನ್ನು ನಡೆಯೋದು ಬೇಡ, ಕ್ಯಾಂಟೀನಿಗೆ ಹೋಗೋಣ" ಅಂದೆ. ಅವತ್ತು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಅದೂ ಸುಸ್ತು ನೋಡಿ ಮಾಡಿದ್ದು, ಬುದ್ಧಿಯಿಂದ ಅಲ್ಲ.

ಗೋದಾಮಿನ ಹತ್ತಿರ

ಕ್ಯಾಂಟೀನಿನ ಕಡೆಗೆ ಹೋಗುವಾಗ ಎಡಬಲದಲ್ಲಿ ಹಳೇ ಬೀದಿಗಳು ಸಿಗುತ್ತವೆ. ಒಂದಕ್ಕೆ ಈಗಿನವರು ಗಿರಣಿಗಳ ಬೀದಿ ಅಂತ ಹೆಸರಿಟ್ಟಿದ್ದಾರೆ. ಅದರ ಪಕ್ಕದಲ್ಲೇ ಗ್ರಾಂಡಿ ಹೊರ್ರೆಯಾ, ಅಂದರೆ ದೊಡ್ಡ ಗೋದಾಮು. ನಡುವೆ ಅಂಗಳ, ಸುತ್ತ ಉದ್ದುದ್ದ ಕೋಣೆಗಳು, ದಪ್ಪ ಗೋಡೆ. ನನ್ನ ಪಟ್ಟಿಯಲ್ಲಿ ಇದಕ್ಕೆ ಎರಡು ನಿಮಿಷ. ಅವತ್ತು ಅದನ್ನೂ ಬಿಟ್ಟು ಮುಂದೆ ನಡೆದಿದ್ದೆ.

ಹಿಂದೆ ತಿರುಗಿದರೆ ಯಜಮಾನ್ರು ಇಲ್ಲ. ಬೆಳಿಗ್ಗೆಯಿಂದ ಒಂದು ಮಾತೂ ಆಡದಿದ್ದ ಮನುಷ್ಯ ಹಗ್ಗದ ಈಚೆ ನಿಂತು ಬಗ್ಗಿ ಒಂದು ಕೋಣೆಯ ನೆಲ ನೋಡುತ್ತಿದ್ದರು. ನೆಲದ ಮೇಲೆ ಸಾಲುಸಾಲಾಗಿ ಗೇಣುದ್ದದ ಗಿಡ್ಡ ಗೋಡೆಗಳು, ನಡುವೆ ಸಂದು.

"ತಮ್ಮಾ, ಇದು ಕಾಳಿನ ಗೋದಾಮು ಹೌದಲ್ಲೋ?"

"ಹೌದು ಯಜಮಾನ್ರೇ, ನಿಮಗೆ ಹೇಗೆ ಗೊತ್ತಾಯ್ತು?"

"ಮತ್ತೇನು, ಕಾಣಸ್ತೈತಲ್ಲ. ಇದರ ಮ್ಯಾಲೆ ನೆಲ ಹಾಕಿರ್ತಾರ. ಕೆಳಗ ಗಾಳಿ ಆಡಬೇಕು. ಇಲ್ಲಾಂದ್ರ ನೆಲದ ಥಂಡಿ ಏರಿ ಚೀಲ ಮುಗ್ಗು ಹಿಡಿತೈತಿ. ನಾವು ಮರದ ಹಲಗಿ ಹಾಕ್ತೀವಿ, ಇವರು ಕಟ್ಟೀನೇ ಕಟ್ಟ್ಯಾರ."

ಪುರಾತತ್ವದವರು ಇದಕ್ಕೆ ಸಸ್ಪೆನ್ಸುರಾ ಅನ್ನುತ್ತಾರೆ, ಎತ್ತಿ ಕೂರಿಸಿದ ನೆಲ. ಕ್ಲಾಡಿಯಸ್ ಚಕ್ರವರ್ತಿಯ ಕಾಲದ ಸುಮಾರಿಗೆ ಕಟ್ಟಿದ ಗೋದಾಮು ಇದು. ಈ ಎತ್ತಿದ ನೆಲ ಆಮೇಲಿನ ರಿಪೇರಿಯಲ್ಲಿ ಬಂದದ್ದು. ಇಷ್ಟನ್ನು ನಾನು ಹತ್ತಾರು ಗುಂಪುಗಳಿಗೆ ಹೇಳಿದ್ದೇನೆ. ಒಬ್ಬರೂ ಬಗ್ಗಿ ನೋಡಿರಲಿಲ್ಲ.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಗೋಡೆ ಇಷ್ಟು ದಪ್ಪ ಯಾಕೆ ಅಂತ ಇಂಜಿನಿಯರನ್ನು ಕರೆದು ಕೇಳಿದರು. ಇಂಜಿನಿಯರು ಮೇಲಿನ ಅಂತಸ್ತಿನ ಭಾರಕ್ಕೆ ಅಂದರು. ಯಜಮಾನ್ರು ತಲೆ ಆಡಿಸಿದರು. ಸಡಿಲ ಕಾಳು ರಾಶಿ ಹಾಕಿದರೆ ಅದು ನೀರಿನ ಹಾಗೆ ಪಕ್ಕಕ್ಕೆ ತಳ್ಳುತ್ತದೆ, ನಮ್ಮ ಅಪ್ಪನ ಕಾಲದಲ್ಲಿ ಒಂದು ಗೋಡೆ ಹೀಗೇ ಹೊಟ್ಟೆ ಬಿಟ್ಟು ಬಿತ್ತು ಅಂದರು. ಇಂಜಿನಿಯರು ಒಂದು ನಿಮಿಷ ಸುಮ್ಮನಿದ್ದು, "ಅದೂ ಸರಿ" ಅಂದರು. ಇಬ್ಬರ ಮಾತಿಗೆ ನೆರಳಲ್ಲಿ ಕೂತಿದ್ದ ಮೂವರು ಎದ್ದು ಬಂದರು. ಹತ್ತು ನಿಮಿಷ ಅಲ್ಲೇ ಕಳೆಯಿತು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಈ ಪ್ರಕರಣ ತಿರುಗಿದ್ದು ಇಲ್ಲಿ. ಅದನ್ನು ತಿರುಗಿಸಿದವನು ನಾನಲ್ಲ.

ಮತ್ತೆ ಹೋಗೋದಾ, ಬೇಡವಾ

ಮರುದಿನ ರಾತ್ರಿ ಊಟದ ಹೊತ್ತಿಗೆ ಯಜಮಾನ್ರು ಮೆಲ್ಲಗೆ ಕೇಳಿದರು, ಆ ಗೋದಾಮಿನ ಊರಿಗೆ ಇನ್ನೊಂದು ಸಲ ಹೋಗೋಕಾಗುತ್ತಾ ಅಂತ. ಅವರ ಹೆಂಡತಿ ಬೇಡ ಅಂತ ಕಣ್ಣು ಮಾಡಿದರು. ಟೀಚರಮ್ಮ ತಾವೂ ಬರುವೆ ಅಂದರು. ಹುಡುಗರಿಬ್ಬರಿಗೆ ಆ ದಿನ ಬಟ್ಟೆ ಅಂಗಡಿಗೆ ಹೋಗುವ ಯೋಚನೆ ಇತ್ತು.

ಬಿಡುವಿದ್ದದ್ದು ಸೋಮವಾರ. ಓಸ್ಟಿಯಾದ ಅವಶೇಷಗಳ ಗೇಟು ಸೋಮವಾರ ಮುಚ್ಚಿರುತ್ತದೆ. ಮಂಗಳವಾರಕ್ಕೆ ಹಾಕಬೇಕಾದರೆ ಅವತ್ತಿನ ಶಾಪಿಂಗ್ ಸೋಮವಾರಕ್ಕೆ ಬರಬೇಕು, ಬಸ್ಸು ರದ್ದಾಗಬೇಕು. ಕಂಪನಿಗೆ ಫೋನ್ ಮಾಡಿದೆ. ಬೇಕಾದವರು ತಮ್ಮ ಖರ್ಚಿನಲ್ಲಿ ಹೋಗಲಿ, ನಿನಗೆ ಆ ದಿನದ ಸಂಬಳ ಇಲ್ಲ ಅಂದರು. ನಾನು ಒಪ್ಪಿದೆ. ದೊಡ್ಡತನ ಏನೂ ಅಲ್ಲ, ಮೊದಲ ದಿನದ ಸೋಲು ಒಳಗೆ ಚುಚ್ಚುತ್ತಿತ್ತು.

ಹನ್ನೊಂದರಲ್ಲಿ ಆರು ಜನ ಬಂದರು. ರೋಮಿನ ಪಿರಮಿಡೆ ಅನ್ನುವ ಜಾಗದ ಹತ್ತಿರದ ಸ್ಟೇಷನ್ನಿನಿಂದ ಲೋಕಲ್ ರೈಲು, ಅರ್ಧ ಗಂಟೆ ಚಿಲ್ಲರೆ. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಹೋಗಿ, ಬಿಸಿಲು ಏರುವ ಮುಂಚೆ ವಾಪಸ್ಸು ಬರುವುದು ಅಂತ ತೀರ್ಮಾನ.

ಹಿಂದಿನ ರಾತ್ರಿ ಕೂತು ಹೊಸ ದಾರಿ ಹಾಕಿದೆ. ಚಕ್ರವರ್ತಿಗಳನ್ನು ಬಿಟ್ಟೆ. ದೇವಸ್ಥಾನ ಬಿಟ್ಟೆ, ಫೋರಮ್, ಅಂದರೆ ಊರ ನಡುವಿನ ದೊಡ್ಡ ಚೌಕ, ಅದನ್ನೂ ಬಿಟ್ಟೆ. ಒಂದು ಮೂಟೆ ಗೋಧಿ ಹಡಗಿನಿಂದ ಇಳಿದು ರೊಟ್ಟಿ ಆಗುವವರೆಗೆ ಈ ಊರಲ್ಲಿ ಎಲ್ಲೆಲ್ಲಿ ಹೋಗುತ್ತದೆ, ಅಷ್ಟೇ. ಅಲ್ಲೊಂದು ತೊಡಕು ಬಂತು. ಗೋಧಿ ಹೋಗುವ ಕ್ರಮದಲ್ಲಿ ನಡೆದರೆ, ಅಳತೆಯವರ ಸಭಾಂಗಣ (ಕಾಳು ಅಳೆಯುವವರ ಸಂಘದ ಜಾಗ) ಮೊದಲು, ಗೋದಾಮು ಆಮೇಲೆ, ಗಿರಣಿ ಕೊನೆಗೆ. ಆದರೆ ಅಳತೆಯವರ ಸಭಾಂಗಣ ಇರುವುದು ಊರಿನ ಪಶ್ಚಿಮದ ಕಡೆ. ಅಷ್ಟು ದೂರ ಹೋಗಿ ಮತ್ತೆ ಹಿಂದೆ ಬರಬೇಕು. ಗೋಧಿಯ ಕ್ರಮವೋ, ಕಾಲಿನ ಕ್ರಮವೋ? ಕಾಲಿನ ಕ್ರಮವನ್ನೇ ಹಿಡಿದೆ. ಬಂದವರಲ್ಲಿ ನಾಲ್ವರಿಗೆ ಅರವತ್ತು ದಾಟಿತ್ತು.

ಗೋಧಿಯ ಹಿಂದೆ

ರೈಲಿನಲ್ಲೇ ಮೊದಲ ದಿನದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟೆ. ಫೋನಿನಲ್ಲಿ ಉಪಗ್ರಹ ನಕ್ಷೆ ತೆಗೆದು, ಅವರು ಇಳಿದ ವಿಮಾನ ನಿಲ್ದಾಣದ ಪಕ್ಕದಲ್ಲಿರುವ ಒಂದು ಕೆರೆ ತೋರಿಸಿದೆ. ಆರು ಮೂಲೆ, ಅಳತೆಗೋಲು ಇಟ್ಟು ಗೆರೆ ಎಳೆದ ಹಾಗೆ. ಒಂದೊಂದು ಬದಿ 350 ಮೀಟರಿಗೂ ಮೇಲೆ. ಅದು ಕೆರೆ ಅಲ್ಲ, ಟ್ರಾಜನ್ ಚಕ್ರವರ್ತಿ ತೋಡಿಸಿದ ಬಂದರು.

ಓಸ್ಟಿಯಾದ ಕಷ್ಟ ಇದ್ದದ್ದೇ ಅದು. ನದಿಯ ಬಾಯಲ್ಲಿ ಮರಳು. ದೊಡ್ಡ ಹಡಗು ಒಳಗೆ ಬರಲ್ಲ, ಕಡಲಲ್ಲೇ ನಿಂತು ಸಣ್ಣ ದೋಣಿಗೆ ಮಾಲು ಇಳಿಸಬೇಕು. ಕ್ರಿಸ್ತಶಕ 42ರಲ್ಲಿ ಕ್ಲಾಡಿಯಸ್ ಮೂರು ಕಿಲೋಮೀಟರ್ ಉತ್ತರಕ್ಕೆ ಹೊಸ ಬಂದರು ಕಟ್ಟಲು ಶುರು ಮಾಡಿದ. ಅದು ತೀರಾ ದೊಡ್ಡದು, ತೀರಾ ತೆರೆದದ್ದು. 62ರಲ್ಲಿ ಬಂದ ಬಿರುಗಾಳಿಗೆ ಬಂದರಿನ ಒಳಗೇ ಇದ್ದ ಸುಮಾರು 200 ಹಡಗು ಹಾಳಾದವು ಅಂತ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅದಕ್ಕೇ ಟ್ರಾಜನ್ 2ನೇ ಶತಮಾನದ ಶುರುವಿನಲ್ಲಿ ಒಳನಾಡಿಗೆ ಸರಿದು ಆರು ಮೂಲೆಯ ಕೊಳ ತೋಡಿಸಿದ. ಬಂದರು ಅಲ್ಲಿ, ಜನ, ಲೆಕ್ಕ, ಕಚೇರಿ ಇಲ್ಲಿ ಓಸ್ಟಿಯಾದಲ್ಲಿ. ವಿಮಾನ ನಿಲ್ದಾಣ ಕಟ್ಟುವಾಗ ಹಳೇ ಹಡಗುಗಳೇ ಮಣ್ಣಿನಲ್ಲಿ ಸಿಕ್ಕವು.

"ಅಂದ್ರೆ ನಾವು ಬಂದರಿಗೇ ಇಳಿದಿದ್ವಿ" ಅಂದರು ಟೀಚರಮ್ಮ. ಹೌದು. ಅವತ್ತೇ ಬಸ್ಸಿನಲ್ಲಿ ಹೇಳಬೇಕಿದ್ದ ಮಾತು.

ಗೇಟು ದಾಟಿ ನೇರವಾಗಿ ನಾಟಕಶಾಲೆಯ ಹಿಂದಿನ ಚೌಕಕ್ಕೆ ಹೋದೆವು. ನಡುವೆ ಒಂದು ಗುಡಿಯ ಅವಶೇಷ, ಸುತ್ತ ಅರವತ್ತರಷ್ಟು ಚಿಕ್ಕ ಕೋಣೆಗಳು. ಹಲವು ಕೋಣೆಗಳ ಮುಂದೆ ಕಪ್ಪು ಬಿಳುಪಿನ ಮೊಸಾಯಿಕ್ ನೆಲ, ಅದರಲ್ಲಿ ಯಾವ ಊರಿನವರು, ಯಾವ ಕಸುಬಿನವರು ಅಂತ ಬರಹ. ಕಾರ್ಥೇಜ್, ನಾರ್ಬೋನ್, ಸಬ್ರಾತ. ಹಗ್ಗ ಹೊಸೆಯುವವರದೂ ಒಂದಿದೆ. ಹಡಗು, ದೀಪಸ್ತಂಭ, ಕಾಳು ಅಳೆಯುವ ಪಾತ್ರೆಯ ಚಿತ್ರಗಳೂ ಇವೆ. ಯಜಮಾನ್ರು ಒಂದು ಸುತ್ತು ಹಾಕಿ ಬಂದು, "ಎಪಿಎಂಸಿ ಯಾರ್ಡ್ ಇದು" ಅಂದರು. ಎಲ್ಲರೂ ನಕ್ಕರು. ಆಮೇಲೆ ಯಾರಿಗೂ ವಿವರಣೆ ಬೇಕಾಗಲಿಲ್ಲ. ಇವು ನಿಜಕ್ಕೂ ವ್ಯಾಪಾರದ ಕಚೇರಿಗಳೋ, ನಾಟಕಶಾಲೆಗೆ ದುಡ್ಡು ಕೊಟ್ಟ ಸಂಘಗಳ ಹೆಸರುಗಳೋ ಅನ್ನುವ ವಾದ ವಿದ್ವಾಂಸರಲ್ಲಿ ಇದೆ. ಅದನ್ನೂ ಹೇಳಿದೆ. ಯಜಮಾನ್ರು, "ಎರಡೂ ಯಾಕಾಗಬಾರದು? ನಮ್ಮ ಜಾತ್ರಿ ಪೆಂಡಾಲಿಗೆ ಮಂಡಿಯವರೇ ರೊಕ್ಕ ಕೊಡೋದು, ಬೋರ್ಡಿನ್ಯಾಗ ಹೆಸರು ನಮ್ಮದೇ ಇರ್ತೈತಿ" ಅಂದರು.

ಸಬ್ರಾತದವರ ನೆಲದಲ್ಲಿ ಒಂದು ಆನೆ ಇದೆ. ಅದನ್ನು ನೋಡಿದ ಕೂಡಲೇ ನಮ್ಮವರಲ್ಲಿ ಒಬ್ಬರು ನಮ್ಮ ದೇಶದ ಆನೆ ಅಂತ ಫೋಟೋ ತೆಗೆದು ಊರಿಗೆ ಕಳಿಸಲು ಹೊರಟರು. ತಡೆದೆ. ಸಬ್ರಾತ ಇರುವುದು ಈಗಿನ ಲಿಬಿಯಾದಲ್ಲಿ, ಆನೆ ಆಫ್ರಿಕಾದ್ದು. ಅವರಿಗೆ ಸ್ವಲ್ಪ ಬೇಸರವಾಯಿತು. ಸಂಬಂಧ ಇರುವುದು ಬೇರೆ ಕಡೆ. ಮಲಬಾರಿನ ಮೆಣಸು ಈಜಿಪ್ಟಿನ ಮೇಲೆ ಹಾದು ರೋಮಿಗೆ ಬರುತ್ತಿತ್ತು, ಇಲ್ಲಿನ ದುಡ್ಡು ಅಲ್ಲಿಗೆ ಹೋಗುತ್ತಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿರುವುದನ್ನು ಟೀಚರಮ್ಮನೇ ನೆನಪು ಮಾಡಿದರು. ಆ ಮಾತು ಸಾಕಾಯಿತು. ಇಲ್ಲದ ಆನೆ ಯಾಕೆ?

ಅಲ್ಲಿಂದ ದೊಡ್ಡ ಗೋದಾಮು. ಈ ಸಲ ಅರ್ಧ ಗಂಟೆ ಅಲ್ಲೇ. ನಾನು ಎರಡೇ ಸಂಗತಿ ಹೇಳಿದೆ. ಒಂದು, ಚಳಿಗಾಲದಲ್ಲಿ ಸುಮಾರು ನಾಲ್ಕು ತಿಂಗಳು ದೂರದ ಹಡಗು ಓಡುತ್ತಿರಲಿಲ್ಲ, ಅಷ್ಟು ದಿನದ ಕಾಳು ಮೊದಲೇ ಬಂದು ಕೂತಿರಬೇಕು. ಎರಡು, ಅಗಸ್ಟಸ್ ಕಾಲದಲ್ಲಿ ರೋಮಿನ ಸುಮಾರು 2 ಲಕ್ಷ ಜನರಿಗೆ ಸರ್ಕಾರವೇ ಪುಕ್ಕಟೆ ಗೋಧಿ ಕೊಡುತ್ತಿತ್ತು, ತಿಂಗಳಿಗೆ ತಲೆಗೆ 5 ಮೋದಿಯುಸ್ (ರೋಮನ್ನರ ಕಾಳಿನ ಅಳತೆ), ನಮ್ಮ ಲೆಕ್ಕದಲ್ಲಿ 33 ಕಿಲೋ ಚಿಲ್ಲರೆ.

ಯಜಮಾನ್ರು ಫೋನ್ ತೆಗೆದು ಗುಣಿಸಿದರು. ತಿಂಗಳಿಗೆ 6,700 ಟನ್ ಹತ್ತಿರ. ಹತ್ತು ಟನ್ನಿನ ಲಾರಿ ಆದರೆ ದಿನಕ್ಕೆ 22 ಲೋಡು. "ಅದೂ ರೇಷನ್ ಕಾರ್ಡಿನವರದಷ್ಟೇ! ದುಡ್ಡು ಕೊಟ್ಟು ಕೊಳ್ಳೋರದು ಬ್ಯಾರೆ." ಈ ಊರಿನ ಗಾತ್ರ ಅವರ ಕಣ್ಣಿಗೆ ಆಗ ಬಂತು. ನನಗೂ ಆಗಲೇ ಬಂದದ್ದು. ಇಷ್ಟು ವರ್ಷ ಆ ಅಂಕಿ ಹೇಳುತ್ತಿದ್ದೆ, ಲಾರಿಗೆ ತುಂಬಿ ನೋಡಿರಲಿಲ್ಲ.

ಇನ್ನೊಂದು ಕೇಳಿದರು: ಇವರಿಗೆ ಹಗೇವು ಗೊತ್ತಿರಲಿಲ್ಲವಾ? ನೆಲ ಅಗೆದು, ಜೋಳ ತುಂಬಿ, ಗಾಳಿ ಆಡದ ಹಾಗೆ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತದಲ್ಲ. ಅದಕ್ಕೆ ಉತ್ತರವನ್ನು ಇಂಜಿನಿಯರು ಕೊಟ್ಟರು. ನದಿ ಪಕ್ಕದ ಊರು, ಎರಡು ಆಳು ಅಗೆದರೆ ನೀರು ಬರುತ್ತೆ, ಇಲ್ಲಿ ಹಗೇವು ತೋಡಿದರೆ ಬಾವಿ ಆಗುತ್ತೆ. ನೆಲದೊಳಗೆ ಗಾಳಿ ಕಟ್ಟಿ ಇಡುವುದು ಒಂದು ದಾರಿ, ನೆಲ ಎತ್ತಿ ಗಾಳಿ ಆಡಿಸುವುದು ಇನ್ನೊಂದು. ಒಂದು ಗೋದಾಮಿನ ನೆಲ ಇಷ್ಟು ಮಾತು ಹುಟ್ಟಿಸುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಟೀಚರಮ್ಮ ಕೇಳಿದ್ದು ಬೇರೆ. ಇಲ್ಲಿ ಅಗೆದಾಗ ಯಾವ ಪದರದಲ್ಲಿ ಏನು ಸಿಕ್ಕಿತು, ಬರೆದಿಟ್ಟಿದ್ದಾರಾ? ಇದು ಓಸ್ಟಿಯಾದ ನೋವಿನ ಜಾಗ. 1942ರಲ್ಲಿ ರೋಮಿನಲ್ಲಿ ಒಂದು ವಿಶ್ವ ಮೇಳ ನಡೆಸಬೇಕು ಅಂತ ಮುಸೊಲಿನಿ ಸರ್ಕಾರ ಹೊರಟಿತ್ತು. ಬಂದವರಿಗೆ ತೋರಿಸಲು 1938ರಿಂದ ಪುರಾತತ್ವದ ಗುಯಿದೋ ಕಾಲ್ಸಾ ಅವರ ಮೇಲ್ವಿಚಾರಣೆಯಲ್ಲಿ ಊರಿನ ದೊಡ್ಡ ಭಾಗವನ್ನು ನಾಲ್ಕೇ ವರ್ಷದಲ್ಲಿ ತೆರೆದರು. ಯುದ್ಧ ಬಂತು, ಮೇಳ ನಡೆಯಲೇ ಇಲ್ಲ. ಆದರೆ ಕೊನೆಗಾಲದ ಪದರಗಳು, ಊರು ಸೊರಗಿದ ಕಾಲದ ಸಣ್ಣಪುಟ್ಟ ಗುರುತುಗಳು ಮಣ್ಣಿನ ಜೊತೆ ಗಾಡಿ ಹತ್ತಿ ಹೋದವು. ನಾವು ಇವತ್ತು ಇಷ್ಟು ದೊಡ್ಡ ಊರು ನೋಡುತ್ತಿರುವುದು ಆ ಅವಸರದಿಂದಲೇ, ಅದರ ಕೊನೆಯ ಕಥೆ ಸರಿಯಾಗಿ ಸಿಗದಿರುವುದೂ ಆ ಅವಸರದಿಂದಲೇ. ಈಗಿನವರು ಅಗೆಯುವ ಮೊದಲು ಉಪಕರಣದಿಂದ ನೆಲದೊಳಗೆ ನೋಡುತ್ತಾರೆ. 2014ರಲ್ಲಿ ಹಾಗೆ ನೋಡಿದಾಗಲೇ ಟೈಬರಿನ ಆಚೆ ದಡದಲ್ಲೂ ಊರ ಗೋಡೆ, ದೊಡ್ಡ ಗೋದಾಮುಗಳು ಇರುವುದು ತಿಳಿದದ್ದು. ನದಿ ಊರಿನ ಅಂಚಲ್ಲ, ಊರಿನ ನಡುವೆ ಹರಿಯುತ್ತಿತ್ತು.

ಗಿರಣಿ ಎದುರಿಗೇ ಇದೆ. ಕಪ್ಪು ಲಾವಾ ಕಲ್ಲಿನ ಬೀಸುಗಲ್ಲುಗಳು, ಸೊಂಟದೆತ್ತರ, ಕತ್ತೆ ಕಟ್ಟಿ ತಿರುಗಿಸುತ್ತಿದ್ದವು. ಕೆಳಗಿನ ಕಲ್ಲು ಮೊನಚು, ಮೇಲಿನದು ಡಮರುಗದ ಹಾಗೆ. ಹಿಟ್ಟು ನಾದುವ ಕಲ್ಲಿನ ತೊಟ್ಟಿಗಳೂ ಅಲ್ಲೇ. 3ನೇ ಶತಮಾನದ ಕೊನೆಗೆ ಬೆಂಕಿ ಬಿದ್ದು ಮುಚ್ಚಿಹೋದ ಗಿರಣಿ. ಅದರ ಹತ್ತಿರದ ಬೀದಿಯಲ್ಲಿ ಒಂದು ಹೋಟೆಲು: ಕಲ್ಲಿನ ಕೌಂಟರ್, ಪಾತ್ರೆ ಜೋಡಿಸಲು ಮೆಟ್ಟಿಲು ಕಟ್ಟೆ, ಗೋಡೆಯ ಮೇಲೆ ತಿಂಡಿಯ ಚಿತ್ರ. ಓದಲು ಬಾರದವರಿಗೂ ಮೆನು ಗೊತ್ತಾಗಲಿ ಅಂತ ಇದ್ದಿರಬೇಕು ಅಂತ ಹೆಂಗಸರು ಮಾತಾಡಿಕೊಂಡರು.

ಎಪಗಾತುಸ್ ಮತ್ತು ಎಪಫ್ರೊಡಿಟುಸ್ ಅನ್ನುವ ಇಬ್ಬರ ಗೋದಾಮಿನಲ್ಲಿ ಯಜಮಾನ್ರು ಮತ್ತೆ ನನ್ನನ್ನು ಮೀರಿಸಿದರು. ಬಾಗಿಲ ಮೇಲೆ ಇಬ್ಬರ ಹೆಸರೂ ಕೆತ್ತಿದ ಕಲ್ಲಿದೆ. ಹೆಸರಿನಿಂದ ಅವರು ಬಿಡುಗಡೆಯಾದ ಗುಲಾಮರು ಅಂತ ತಿಳಿದವರು ಹೇಳುತ್ತಾರೆ. ಯಜಮಾನ್ರು ಒಳಗೆ ಇಣುಕಿ, "ಇದು ಕಾಳಿಂದಲ್ಲ" ಅಂದರು. ನೆಲ ಎತ್ತಿಲ್ಲ, ಕೋಣೆ ಸಣ್ಣ, ಒಂದರ ಹಿಂದೆ ಒಂದು ಎರಡು ಬಾಗಿಲು. ಬೆಲೆಬಾಳುವ ಮಾಲು ಇಡುವ ಜಾಗ. ಪುರಾತತ್ವದವರ ಅಂದಾಜೂ ಅದೇ. ಅಂಗಳದ ಗೋಡೆಯಲ್ಲಿ ದೇವರ ಗೂಡು ಕಂಡು ಕೈ ತಾನಾಗಿ ಎದೆಗೆ ಹೋಯಿತು ಅವರದು.

ಕೊನೆಗೆ ಉಳಿದದ್ದು ಅಳತೆಯವರ ಸಭಾಂಗಣ. ಇಲ್ಲಿನ ಮೊಸಾಯಿಕ್‌ಗಳನ್ನು ಎಷ್ಟೋ ಸಲ ಮುಚ್ಚಿಟ್ಟಿರುತ್ತಾರೆ. ಅವತ್ತು ತೆರೆದಿತ್ತು. ಹೆಗಲ ಮೇಲೆ ಮೂಟೆ ಹೊತ್ತವನು, ನಡುವೆ ಅಳೆಯುವ ಪಾತ್ರೆ, ಪಕ್ಕದಲ್ಲಿ ಕೋಲು ಹಿಡಿದವನು, ಇನ್ನೊಬ್ಬನ ಕೈಯಲ್ಲಿ ಲೆಕ್ಕದ ದಾರ. ನಾನು ಬಾಯಿ ತೆರೆಯುವ ಮೊದಲೇ ಯಜಮಾನ್ರು ಶುರು ಮಾಡಿದ್ದರು. ಆ ಕೋಲು ಸೇರಿನ ಬಾಯಿ ಸವರೋದಕ್ಕೆ. ತಲೆ ತುಂಬಿ ಅಳೆದರೆ ಕೊಡುವವನಿಗೆ ನಷ್ಟ, ಸವರಿ ಅಳೆದರೆ ಇಬ್ಬರಿಗೂ ಸಮ. ದಾರ ಹಿಡಿದವನು ಎಣಿಸುವವನು, ಅವನು ಎರಡು ಕಡೆಗೂ ಸೇರದವನಾಗಿರಬೇಕು, ಇಲ್ಲಾಂದ್ರೆ ಜಗಳ.

ಆಮೇಲೆ ಅವರು ಹಳೇ ಕಾಲದಲ್ಲಿ ಕಣದಲ್ಲಿ ರಾಶಿ ಅಳೆಯುವುದನ್ನು ಹೇಳಿದರು. ಮೊದಲನೇ ಸೇರಿಗೆ ಒಂದು ಅನ್ನಬಾರದು, ಲಾಭ ಅನ್ನಬೇಕು. ಲಾಭ, ಎರಡು, ಮೂರು. ಅವರು ಗಾಳಿಯಲ್ಲೇ ಸೇರು ಎತ್ತಿ ಸುರಿದು ತೋರಿಸಿದರು. ಪಕ್ಕದಲ್ಲಿದ್ದ ಇಟಲಿಯ ಶಾಲಾ ಮಕ್ಕಳ ಗುಂಪು ನಿಂತು ನೋಡಿತು. ಅವರ ಟೀಚರ್ ನನ್ನನ್ನು ಕೇಳಿ, ಮಕ್ಕಳಿಗೆ ಇಟಾಲಿಯನ್ನಿನಲ್ಲಿ ಹೇಳಿದರು. ಗೋಧಿಯ ಕ್ರಮದಲ್ಲಿ ನಡೆದಿದ್ದರೆ ಈ ಜಾಗ ಮೊದಲೇ ಬಂದು ಹೋಗುತ್ತಿತ್ತು, ಇಷ್ಟು ಬಿಗಿ ಇರುತ್ತಿರಲಿಲ್ಲ. ಮೊಣಕಾಲಿಗಾಗಿ ಮಾಡಿದ್ದು ಕಥೆಗೂ ಒದಗಿತು.

ಎಲ್ಲಿ ಎಡವಿದೆ, ಏನು ಬದಲಿಸಿದೆ

ಎರಡನೇ ದಿನ ಎಲ್ಲ ಚೆನ್ನಾಗಿತ್ತು ಅಂತ ಬರೆದರೆ ತಪ್ಪಾಗುತ್ತದೆ. ಆರರಲ್ಲಿ ಇಬ್ಬರಿಗೆ ಗೋದಾಮು, ಅಳತೆ ಯಾವುದೂ ರುಚಿಸಲಿಲ್ಲ. ಯಜಮಾನ್ರ ಜೊತೆಗೆ ಬಂದಿದ್ದರು, ಅಷ್ಟೇ. ಒಬ್ಬರಿಗೆ ಫೋರಮ್ ನೋಡಬೇಕಿತ್ತು, ನಾನು ಬಿಟ್ಟುಬಿಟ್ಟಿದ್ದೆ. ಒಂದೇ ಎಳೆ ಹಿಡಿದು ಹೋದರೆ ಆ ಎಳೆ ಬೇಡದವರಿಗೆ ದಾರಿಯೇ ಇರಲ್ಲ. ಈಗ ನಡುವೆ ಒಂದು ಕಡೆ ಇಪ್ಪತ್ತು ನಿಮಿಷ ಬಿಟ್ಟುಬಿಡುತ್ತೇನೆ, ಅವರವರಿಗೆ ಬೇಕಾದ್ದು ನೋಡಲಿ ಅಂತ.

ಇನ್ನೊಂದು ತಪ್ಪು ನನ್ನದೇ. ಗೋದಾಮಿನಲ್ಲಿ ಯಜಮಾನ್ರು, ಎತ್ತಿದ ನೆಲದ ಕೆಳಗೆ ಬೆಕ್ಕು ಬಿಡುತ್ತಿದ್ದರು, ಇಲಿ ಹಿಡಿಯಲಿಕ್ಕೆ ಅಂತಲೂ ಅಂದಿದ್ದರು. ಅವರ ಮಂಡಿಯ ಅನುಭವ ಅದು. ಕೇಳಲು ಚೆನ್ನಾಗಿತ್ತು. ಮುಂದಿನ ಗುಂಪಿಗೆ ಅದನ್ನು ನಾನೇ ರೋಮನ್ನರ ಪದ್ಧತಿ ಅಂತ ಹೇಳಿಬಿಟ್ಟೆ. ರಾತ್ರಿ ಮಲಗುವಾಗ ಹೊಳೆಯಿತು, ಅದಕ್ಕೆ ಆಧಾರ ಏನು? ಕಲ್ಲು ಹೇಳಿದ್ದಲ್ಲ, ನಮ್ಮವರು ಹೇಳಿದ್ದು. ಗಾಳಿ, ಥಂಡಿ ನೆಲದಲ್ಲಿ ಕಾಣುತ್ತದೆ. ಬೆಕ್ಕು ಕಾಣಲ್ಲ. ಕಸುಬಿನವರ ಕಣ್ಣು ದೊಡ್ಡದು, ಆದರೆ ಅದು ತನ್ನ ಊರಿನದನ್ನೂ ಸೇರಿಸಿಯೇ ನೋಡುತ್ತದೆ. ಮರುದಿನ ಆ ಗುಂಪಿಗೆ ತಿದ್ದಿ ಹೇಳಿದೆ. ಒಬ್ಬರು, "ಬೆಕ್ಕೇ ಚೆನ್ನಾಗಿತ್ತು" ಅಂದರು.

ಈಗ ಗುಂಪು ಬರುವ ಮೊದಲೇ ಯಾರು ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿ ಬರೆದುಕೊಳ್ಳುತ್ತೇನೆ. ಬಟ್ಟೆ ಒಗೆಯುವ ಕಸುಬಿನ ಕುಟುಂಬದವರು ಇದ್ದರೆ ಅಲ್ಲಿನ ಅಗಸರ ತೊಟ್ಟಿಗಳಿಗೆ, ಕಟ್ಟಡದವರು ಇದ್ದರೆ ಇಟ್ಟಿಗೆಯ ಮೇಲೆ ಒತ್ತಿದ ಮುದ್ರೆಗಳ ವಿಷಯಕ್ಕೆ. ಕೆಲವು ಮುದ್ರೆಯಲ್ಲಿ ಆ ವರ್ಷದ ಕಾನ್ಸಲರ, ಅಂದರೆ ವರ್ಷ ವರ್ಷ ಬದಲಾಗುವ ದೊಡ್ಡ ಅಧಿಕಾರಿಗಳ ಹೆಸರೇ ಇರುತ್ತದೆ. ಗೋಡೆಯ ಕಾಲ ಹಿಡಿಯಲು ಅದು ದೊಡ್ಡ ಸಹಾಯ. ಕಂಪನಿಯವರು ಓಸ್ಟಿಯಾವನ್ನೇ ತೆಗೆದು ಅಲ್ಲೊಂದು ಶಾಪಿಂಗ್ ಮಾಲ್ ಹಾಕೋಣ ಅಂದಿದ್ದರು. ಬಹಳ ಜಗ್ಗಾಡಿದ ಮೇಲೆ ಮೊದಲ ದಿನದಿಂದ ಕೊನೇ ದಿನಕ್ಕೆ ಹೋಯಿತು, ಬೇಕಾದವರಿಗೆ ಮಾತ್ರ, ಬೆಳಗಿನ ಹೊತ್ತು.

ಇನ್ನೊಂದು ಸಣ್ಣ ಬದಲಾವಣೆ. ಬೆಂಗಳೂರು ಬಿಡುವ ಹಿಂದಿನ ದಿನ ಗುಂಪಿನ ವಾಟ್ಸಾಪಿಗೆ ಒಂದು ಸಾಲು ಹಾಕುತ್ತೇನೆ: ರೋಮಿನಲ್ಲಿ ಇಳಿಯುವಾಗ ಕಿಟಕಿ ಪಕ್ಕ ಕೂತವರು ಕೆಳಗೆ ಆರು ಮೂಲೆಯ ಕೆರೆ ಹುಡುಕಿ. ಮೊದಲ ಸಲ ಹಾಕಿದಾಗ ಒಂಬತ್ತು ಜನರಲ್ಲಿ ಇಬ್ಬರಿಗೆ ಕಂಡಿತು, ಒಬ್ಬರು ನಿದ್ದೆ ಹೋಗಿದ್ದರು, ಉಳಿದವರದು ನಡುಸೀಟು. ಕಂಡವರಲ್ಲಿ ಒಬ್ಬಾಕೆ ಫೋಟೋ ತೆಗೆದಿದ್ದರು. ಪೂರಾ ವಿಮಾನದ ರೆಕ್ಕೆಯೇ, ಕೆಳಗೆ ಮೂಲೆಯಲ್ಲಿ ಟ್ರಾಜನ್ನನ ಬಂದರಿನ ಎರಡು ಬದಿ.